ಮಂಜಿನ ಬಯಲಿನಲ್ಲಿ ಕೇಳಿಸಿದ ಗಂಟೆ

ಇಂಥ ಕಥೆಗಳನ್ನು ಯಾರಾದರೂ ಹೇಳಿದರೆ ಒಳಗೊಳಗೇ ನಗುತ್ತಿದ್ದವಳು ನಾನು. ನೀವೂ ನಗಬಹುದು, ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದಿನ ಏಪ್ರಿಲ್ ಮೊದಲ ವಾರ. ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿರುವ ನಮ್ಮ ಮನೆಗೆ ಅಮ್ಮ ಚಿತ್ರದುರ್ಗದಿಂದ ಬಂದಿದ್ದರು. ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾದವರು. ಮಂಡಿ ಆಪರೇಷನ್ ಆದಮೇಲೆ ಬಿದ್ದುಬಿಡುವ ಭಯ ಹತ್ತಿ, ಕೋಲು ಹಿಡಿದರೂ ನೂರು ಹೆಜ್ಜೆ ದಾಟುತ್ತಿರಲಿಲ್ಲ. ಕಾರಿನಲ್ಲೇ ಹಳೆಯ ಜಾಗಗಳನ್ನು ತೋರಿಸೋಣವೆಂದು ಇಬ್ಬರೇ ಹೊರಟೆವು. ಮೂರನೆಯ ದಿನ ಉದ್ದನೆಯ ಸೇತುವೆ ದಾಟಿ ಓಲಾಂಡ್ ದ್ವೀಪ ಸೇರಿದೆವು. ಕಣ್ಣು ಹಾಯುವಷ್ಟು ದೂರ ಮರವೇ ಇಲ್ಲದ ಹುಲ್ಲುಬಯಲು. ಅದರ ನಡುವೆ ಸಾವಿರ ವರ್ಷಕ್ಕೂ ಹಳೆಯದಾದ ದುಂಡನೆಯ ಕಲ್ಲುಕೋಟೆ. ರಸ್ತೆಯಿಂದ ಅಲ್ಲಿಗೆ ಒಂದು ಕಿಲೋಮೀಟರ್ ಕಾಲುದಾರಿ.

“ನೀನು ಹೋಗಿ ಫೋಟೋ ತಕ್ಕೊಂಡ್ ಬಾ. ನಾನಿಲ್ಲೇ ಕೂತಿರ್ತೀನಿ” ಎಂದರು ಅಮ್ಮ.

ಅರ್ಧ ದಾರಿ ಹೋಗುವಷ್ಟರಲ್ಲಿ ಸಮುದ್ರದ ಕಡೆಯಿಂದ ಮಂಜು ನುಗ್ಗಿತು. ತಡಕಾಡುತ್ತಾ ವಾಪಸು ಬಂದು ನೋಡಿದರೆ ಕಾರಿನ ಬಾಗಿಲು ತೆರೆದಿತ್ತು. ಕೋಲು ಸೀಟಿನ ಮೇಲಿತ್ತು, ಫೋನೂ ಅಲ್ಲೇ ಇತ್ತು. ಅಮ್ಮ ಇರಲಿಲ್ಲ. ಗಂಟಲು ಹರಿಯುವಂತೆ ಕೂಗಿದೆ.

ಆಗ ಹಸುವಿನ ಕೊರಳ ಗಂಟೆ ಕೇಳಿಸಿತು, ಸ್ವಲ್ಪ ಮುಂದೆ, ನಿಧಾನವಾಗಿ. ಬೇರೇನೂ ತೋಚದೆ ಅದರ ಹಿಂದೆ ನಡೆದೆ. ನಾನು ನಿಂತರೆ ಅದೂ ನಿಲ್ಲುತ್ತಿತ್ತು. ಇಕ್ಕೆಲದಲ್ಲೂ ಹಿಮ ಕರಗಿದ ನೀರು ನಿಂತಿದ್ದರೂ ನನ್ನ ಕಾಲು ಒಮ್ಮೆಯೂ ಒದ್ದೆಯಾಗಲಿಲ್ಲ.

ಮಂಜು ತೆಳುವಾದಾಗ ಎದುರಿಗೆ ಕೋಟೆ. ಬಾಗಿಲಿನಲ್ಲಿ ಸೊಂಟದ ಮೇಲೆ ಕೈಯಿಟ್ಟು ಅಮ್ಮ ನಿಂತಿದ್ದರು.

“ನೋಡೇ, ನಡ್ಕೊಂಡೇ ಬಂದ್ಬಿಟ್ಟೆ!”

ಬೈಯಬೇಕೆಂದಿದ್ದವಳು ಅವರನ್ನು ತಬ್ಬಿಕೊಂಡು ಅತ್ತುಬಿಟ್ಟೆ.

“ಮಂಜಲ್ಲಿ ನಿನ್ನ ಹುಡುಕೋಣ ಅಂತ ಇಳಿದೆ. ಹಸು ಗಂಟೆ ಕೇಳಿಸ್ತು, ದನ ಕಾಯೋರು ಇರ್ತಾರೆ ಅಂತ ಹಿಂದೇನೇ ಬಂದೆ. ಬರ್ತಾ ಬರ್ತಾ ಹೆದರಿಕೇನೇ ಮರ್ತುಹೋಯ್ತು” ಎಂದರು. ಆಮೇಲೆ ಒಳಗೋಡೆಯ ಉದ್ದಕ್ಕೂ ಒಂದು ಸುತ್ತು ಹಾಕಿದರು. ನಾನು ಕೈ ಚಾಚಿದರೂ ಹಿಡಿಯಲಿಲ್ಲ.

ರಸ್ತೆಯ ಬಳಿ ಬೇಲಿ ರಿಪೇರಿ ಮಾಡುತ್ತಿದ್ದ ರೈತನಿಗೆ, ನಿಮ್ಮ ಹಸುಗಳು ನಮಗೆ ದಾರಿ ತೋರಿಸಿದವು ಎಂದು ಸ್ವೀಡಿಷ್‌ನಲ್ಲಿ ಥ್ಯಾಂಕ್ಸ್ ಹೇಳಿದೆ. ಆತ ಬೆರಗಾಗಿ ನೋಡಿದ. ಹಸುಗಳೆಲ್ಲ ಇನ್ನೂ ಕೊಟ್ಟಿಗೆಯಲ್ಲಿವೆ, ಬಯಲಿಗೆ ಬಿಡುವುದು ಮುಂದಿನ ತಿಂಗಳು ಎಂದ. ಗಂಟೆ ಕಟ್ಟುವ ರೂಢಿ ಅವನ ಅಜ್ಜನ ಕಾಲಕ್ಕೇ ನಿಂತಿತ್ತಂತೆ.

ನನ್ನೊಬ್ಬಳಿಗೇ ಕೇಳಿಸಿದ್ದರೆ ಭ್ರಮೆ ಅಂದುಕೊಳ್ಳಬಹುದಿತ್ತು. ಬೇರೆ ಬೇರೆ ಹೊತ್ತಿನಲ್ಲಿ ಇಬ್ಬರಿಗೂ ಕೇಳಿಸಿದ್ದು ಹೇಗೆ? ಇವತ್ತಿಗೂ ನನಗೆ ಗೊತ್ತಿಲ್ಲ. ಅಮ್ಮನಿಗಂತೂ ಆ ಯೋಚನೆಯೇ ಬರಲಿಲ್ಲ. ಕಾರು ಹತ್ತಿದವರೇ ಮ್ಯಾಪ್ ಬಿಡಿಸಿ, “ಇನ್ನೊಂದು ಕೋಟೆ ಇದ್ಯಲ್ಲ, ಎಷ್ಟು ದೂರ ನಡೀಬೇಕು?” ಎಂದರು.