ಸೋಲುವಾಗ ಹೆಬ್ಬೆರಳು ಏನು ಮಾಡುತ್ತದೆ?

ವಿಡಿಯೋ ಗೇಮ್ ಅಂದ ಕೂಡಲೇ ಪುಟ ತಿರುಗಿಸಬೇಡಿ, ದಯವಿಟ್ಟು ಇದನ್ನು ಪೂರ್ತಿ ಕೇಳಿ. ಎರಡು ಫೈಟಿಂಗ್ ಗೇಮ್‌ಗಳಲ್ಲಿ ಯಾವುದು ಮೇಲು ಅಂತ ಜನ ಕಿತ್ತಾಡುವುದು ಹೊಸದೇನಲ್ಲ. ಆದರೆ ಆ ತೀರ್ಪಿನ ಮೇಲೆ ಒಬ್ಬರ ಹೆಬ್ಬೆರಳಿನ ಗತಿಯೇ ನಿಂತಿದ್ದರೆ?

ಈಗಷ್ಟೇ ಬೆಳಕು ಹರಿಯುತ್ತಿದೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಪಕ್ಕದ ಕೋಣೆಯ ದೀಪ ಹತ್ತುತ್ತದೆ. ಎಲ್ಲರೂ 'ರೆಫ್ರಿ ಅಕ್ಕ' ಅಂತ ಕರೆಯುವ ಫಿಸಿಯೋಥೆರಪಿಸ್ಟ್ ಬಿಸಿನೀರಿನ ಬೇಸಿನ್‌ಗಳನ್ನು ಜೋಡಿಸಿ, ಎರಡು ಕಂಟ್ರೋಲರ್‌ಗಳನ್ನು ಸ್ಪಿರಿಟ್ ಹಾಕಿ ಒರೆಸಿ, ಟೀವಿ ಹಾಕುತ್ತಾರೆ. ಕೈಗೆ ಆಪರೇಷನ್ ಆದವರ ಮರಗಟ್ಟಿದ ಬೆರಳುಗಳನ್ನು ಮತ್ತೆ ಬಗ್ಗಿಸುವುದು ಇವರ ಕೆಲಸ. ದಿನಕ್ಕೆ ಇಪ್ಪತ್ತು ಕೈ, ಒಮ್ಮೊಮ್ಮೆ ಮೂವತ್ತು.

"ಸ್ಪಂಜಿನ ಚೆಂಡು ಹಿಸುಕಿ ಅಂದ್ರೆ ಎರಡು ಸಲ ಹಿಸುಕಿ ಗಡಿಯಾರ ನೋಡ್ತಾರೆ. ಗೇಮ್ ಕೊಟ್ರೆ ನಾನೇ ಕೈಯಿಂದ ಕಿತ್ಕೋಬೇಕು!"

ತಂಗಿಯ ಮನೆಯಲ್ಲಿ ಮೂಲೆ ಸೇರಿದ್ದ ಕನ್ಸೋಲನ್ನು ಅಕ್ಕನೇ ಹೊತ್ತು ತಂದಿದ್ದು. ಜೊತೆಗೆ ಎರಡು ಗೇಮ್. ಅವುಗಳ ಅಸಲಿ ಹೆಸರಿಗೆ ಯಾರ ನಾಲಿಗೆಯೂ ಹೊರಳಲಿಲ್ಲ, ರೋಗಿಗಳೇ ನಾಮಕರಣ ಮಾಡಿದರು. ಒಂದು 'ಗುಡುಗು': ಬೆಂಕಿ, ಮಿಂಚು, ಗದ್ದಲ. ಇನ್ನೊಂದು 'ಪಟ್ಟು': ಸದ್ದಿಲ್ಲ, ಹಿಡಿತ, ಮರುಹಿಡಿತ, ಬರೀ ಲೆಕ್ಕಾಚಾರ. ಗುಡುಗಿನವರು ಒಂದು ಬೆಂಚು, ಪಟ್ಟಿನವರು ಎದುರು ಬೆಂಚು. ಜಗಳ ಬಿಡಿಸಿ ಬಿಡಿಸಿಯೇ ಅಕ್ಕ ರೆಫ್ರಿಯಾದರು.

ಆಗ ದೊಡ್ಡ ಡಾಕ್ಟರು ಬಂದು, "ಬೇರೆ ವಾರ್ಡ್‌ಗಳಿಗೂ ಕೊಡಿಸೋಣ ಕಣಮ್ಮಾ. ಆದ್ರೆ ಒಂದೇ ಗೇಮ್. ಯಾವುದು ಒಳ್ಳೇದು ಅಂತ ನೀವೇ ಆಡ್ಸಿ ನೋಡಿ ಹೇಳಿ" ಅಂದರು.

ಅಕ್ಕ ಆಟ ನೋಡಲಿಲ್ಲ, ಬೆರಳು ನೋಡಿದರು. ಗುಡುಗಿನಲ್ಲಿ ಒಂದು ಏಟು ಬಿದ್ದರೆ ನಮ್ಮವನು ಗಾಳಿಯಲ್ಲಿ ತೇಲುತ್ತಾನೆ, ಎದುರಾಳಿ ಹೊಡೆದು ಮುಗಿಸುವ ತನಕ ಯಾವ ಗುಂಡಿ ಒತ್ತಿಯೂ ಉಪಯೋಗವಿಲ್ಲ. ಪಟ್ಟಿನಲ್ಲಿ ಹಾಗಲ್ಲ, ಕೆಳಗೆ ಬಿದ್ದರೂ ಬಿಡಿಸಿಕೊಳ್ಳಲು ಒತ್ತುತ್ತಲೇ ಇರಬೇಕು. ಬೆರಳಿಗೆ ಬಿಡುವೇ ಇಲ್ಲ. ಇನ್ನೇನು ಬೇಕು? ಮನಸ್ಸಿನಲ್ಲೇ ಪಟ್ಟಿಗೆ ಗೆಲುವು ಕೊಟ್ಟು, ಎಲ್ಲರಿಗೂ ಅದನ್ನೇ ಆಡಿಸಿದರು.

ಎಲ್ಲರಿಗಿಂತ ಖುಷಿಪಟ್ಟವರು ಬೀಗದ ಮಾವ. ಬೀಗ ರಿಪೇರಿಯವರು, ಬಲ ಹೆಬ್ಬೆರಳನ್ನು ಬಗ್ಗಿಸುವ ನರ, ಅಂದರೆ ಸ್ನಾಯುರಜ್ಜು, ತುಂಡಾಗಿ ಹೊಲಿಸಿಕೊಂಡವರು. ಗಾಯ ಒಣಗಿತ್ತು, ಬೆರಳು ಬಗ್ಗುತ್ತಿರಲಿಲ್ಲ. ಅದು ಬಗ್ಗದಿದ್ದರೆ ಕೀಲಿಕೈ ತಿರುಗದು, ಅಂಗಡಿ ತೆರೆಯದು. ದಿನಾ ಇನ್ನೊಬ್ಬ ರೋಗಿ, ಲಾರಿ ಡ್ರೈವರ್ ಒಬ್ಬನ ಕೈಲಿ ಸೋಲುತ್ತಿದ್ದರು, ಆದರೆ ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗುತ್ತಿರಲಿಲ್ಲ.

"ಏನ್ ಮಾವ, ಇವತ್ತೂ ಮಕಾಡೆನಾ?"

"ಲೇ, ನಿನ್ನ ಲಾರಿಗೆ ರಿವರ್ಸ್ ಗೇರ್ ಇದೆ ತಾನೆ? ನಂದೂ ಅದೇ ಅಂದ್ಕೋ. ಹಾಕು ಇನ್ನೊಂದು!"

ಒಂದು ಬೆಳಿಗ್ಗೆ ಮಾವ ಬರಲಿಲ್ಲ. ಮಾರನೇ ದಿನವೂ ಇಲ್ಲ. ಅಕ್ಕ ಫೋನ್ ಮಾಡಿದರೆ ಎತ್ತಿದ್ದು ಅವರ ಹೆಂಡತಿ. "ಕೈ ಬನ್ನಿನ ಹಾಗೆ ಊದ್ಕೊಂಡಿದೆ ಕಣವ್ವಾ. ಹೇಳಿದ್ರೆ ಆಟ ನಿಲ್ಲಿಸ್ತೀರಂತ ಬಾಯಿಗೆ ಬೀಗ ಹಾಕ್ಕೊಂಡು ಕೂತವ್ರೆ."

ಅಕ್ಕ ಫೋನ್ ಇಟ್ಟರು. ಬಿಡುವಿಲ್ಲದ್ದೇ ಒಳ್ಳೆಯದು ಅಂತ ತೀರ್ಪು ಕೊಟ್ಟಿದ್ದು ತಾವೇ. ಹೊಲಿದ ನರ ಕಿತ್ತುಹೋಗಿದ್ದರೆ? ಮಾವನನ್ನು ಆಟೋದಲ್ಲಿ ಕರೆಸಿಕೊಂಡು, ಡಾಕ್ಟರು ಸ್ಕ್ಯಾನ್ ನೋಡುವವರೆಗೆ ಬಾಗಿಲ ಹೊರಗೆ ನಿಂತೇ ಇದ್ದರು.

"ನರ ಗಟ್ಟಿಯಾಗಿದೆ. ಬರೀ ಊತ, ಇಳಿಯುತ್ತೆ," ಅಂದರು ಡಾಕ್ಟರು.

"ಉಸ್ಸಪ್ಪಾ! ಹೋದ ಜೀವ ಬಂತು. ಅಲ್ಲೇ ನೆಲದ ಮೇಲೆ ಕೂತ್ಬಿಟ್ಟೆ," ಎಂದು ಅಕ್ಕ ಈಗ ನಗುತ್ತಾರೆ.

ಊತ ಇಳಿದ ಮೇಲೆ ಮಾವನಿಗೆ ಗುಡುಗು ಕೊಟ್ಟರು. ಪರದೆಯ ಮೇಲೆ ಮಾವನ ಆಳು ಗಾಳಿಯಲ್ಲಿ ತೇಲಿದಾಗಲೆಲ್ಲ ಮಾವ ಕೈಯನ್ನು ತೊಡೆಯ ಮೇಲಿಟ್ಟು ಬೈಯುತ್ತಾರೆ, ಅಷ್ಟರಲ್ಲಿ ಹೆಬ್ಬೆರಳು ಸುಧಾರಿಸಿಕೊಳ್ಳುತ್ತದೆ. ಅಕ್ಕ ದೋಷ ಅಂದುಕೊಂಡದ್ದೇ ಔಷಧ. ಡಾಕ್ಟರ ಬಳಿ ಹೋಗಿ ಹೇಳಿದರು: "ಆಟ ಅಂದ್ರೆ ಪಟ್ಟೇ ಸಾರ್. ಆದ್ರೆ ನಮ್ಮ ಕೈಗಳಿಗೆ ಗುಡುಗು." ಎಲ್ಲ ವಾರ್ಡಿಗೂ ಗುಡುಗೇ ಹೋಯಿತು.

ಮಾವ ಒಪ್ಪಬೇಕಲ್ಲ! "ಇದೂ ಒಂದು ಆಟನಾ? ಬರೀ ಪಟಾಕಿ. ನಂಗೆ ಪಟ್ಟು ಹಾಕಮ್ಮಾ." ದಿನಾ ಇದೇ ರಾಗ. ಸಾಕಾಗಿ ಅಕ್ಕ ಒಂದು ದಿನ, "ಬೀಗ ತೆಗೆದು ತೋರ್ಸಿ ಮಾವ, ಹಾಕ್ತೀನಿ" ಅಂದುಬಿಟ್ಟರು.

ಇವತ್ತು ಬೆಳಿಗ್ಗೆ ಮಾವ ಜೇಬಿನಿಂದ ಹಿತ್ತಾಳೆಯ ಬೀಗ ತೆಗೆದು ಮೇಜಿನ ಮೇಲಿಡುತ್ತಾರೆ. ಎರಡೂ ಬೆಂಚಿನವರು ಎದ್ದು ಮೇಜಿನ ಸುತ್ತ ಸೇರುತ್ತಾರೆ. ಕೀಲಿಕೈ ಒಮ್ಮೆ ಜಾರುತ್ತದೆ. ಮತ್ತೊಮ್ಮೆ. ಆಮೇಲೆ, ಟಕ್!

ಡ್ರೈವರ್ ಸಿಳ್ಳೆ ಹಾಕುತ್ತಾನೆ. ಅಕ್ಕ ಕಣ್ಣೊರೆಸಿಕೊಂಡು ನಗುತ್ತಾ, "ನನ್ನ ಕೋಣೆಯಿಂದ ಎಲ್ಲರ ಕೈಯೂ ಹೀಗೇ ಹೋಗ್ಬೇಕು, ನಂಗಿನ್ನೇನೂ ಬೇಡ" ಅನ್ನುತ್ತಾರೆ.

"ಅದೆಲ್ಲ ಇರ್ಲಿ," ಮಾವ ಕಂಟ್ರೋಲರ್ ಎತ್ತಿಕೊಳ್ಳುತ್ತಾರೆ, "ಎಲ್ಲಿದೆಯಮ್ಮಾ ನನ್ನ ಪಟ್ಟು?"

ಕೊಟ್ಟ ಮಾತು ಕೊಟ್ಟಾಗಿದೆ. ಮಾವನ ಹೆಬ್ಬೆರಳು ಇನ್ನೂ ಸಣ್ಣಗೆ ನಡುಗುತ್ತಿದೆ. ಅಕ್ಕನ ಒಂದು ಕೈಯಲ್ಲಿ ಗುಡುಗು, ಇನ್ನೊಂದರಲ್ಲಿ ಪಟ್ಟು. ಹೇಳಿ, ನೀವಾಗಿದ್ದರೆ ಯಾವುದನ್ನು ಹಾಕುತ್ತಿದ್ದಿರಿ?