ಹಿಡಿಯದ ಅಸ್ತರು

ಹಳೆಯ ಕಾರು ಕೊಳ್ಳುವವರಿಗೆ ನಾನು ಮೊದಲು ಹೇಳುವ ಮಾತು: ಇಂಜಿನ್ನಿನ ಸದ್ದು ಕೇಳುವ ಮುಂಚೆ ಬಾಗಿಲ ಅಡಿಯಲ್ಲಿ ಬೆರಳಾಡಿಸಿ ನೋಡಿ. ತುಕ್ಕು ಶುರುವಾಗುವುದು ಅಲ್ಲಿಂದ, ಮಾರುವವನ ದನಿ ಇಳಿಯುವುದೂ ಅಲ್ಲಿಂದಲೇ. ಶಿಗ್ಗಾವಿಯಲ್ಲಿ ಒಂದು ಕಪ್ಪು ಕಾರನ್ನು ಹಾಗೇ ಬೆರಳಾಡಿಸಿ ಅರ್ಧಕ್ಕೆ ಇಳಿಸಿ ತಂದಿದ್ದೆ. ಸವಣೂರಿನ ವೀಳ್ಯದೆಲೆ ಸೈಕಲ್ಲಿಗೆ ಹೇರಿಕೊಂಡು ಹಾನಗಲ್ಲ ಸಂತೆಗೆ ಹೋಗುತ್ತಿದ್ದವನು ನಾನು. ಚೌಕಾಸಿ ಬಿಟ್ಟರೆ ಬೇರೆ ವಿದ್ಯೆ ಇರಲಿಲ್ಲ.

ತಂಗಿಯ ಸಂಬಂಧವನ್ನೂ ಚೌಕಾಸಿ ಮಾಡಿಯೇ ಕುದುರಿಸಿದ್ದೆ. ಹಿರೇಕೆರೂರಿನ ಬೀಗರು ಕೇಳಿದ್ದನ್ನು ಒಂದೊಂದಾಗಿ ಬಿಡಿಸುತ್ತ ಬಂದು, ಕಡೆಗೆ, "ಅದೆಲ್ಲಾ ಇರ್ಲಿ ಬಿಡ್ರಿ, ನಿಮ್ಮ ಮಗನ್ನ ಮಿಂಚೋ ಕಾರಿನ್ಯಾಗ ಕುಂದ್ರಿಸಿಕೊಂಡು ಹೋಗ್ತೇನಿ" ಎಂದಿದ್ದೆ. ಅವರು ಒಪ್ಪಿಕೊಂಡರು. ಇನ್ನು ಕಾರು ಮಿಂಚದಿದ್ದರೆ ಆ ಮಾತನ್ನು ಆ ಮನೆಯಲ್ಲಿ ಜೀವಮಾನವಿಡೀ ಕೇಳಬೇಕಾದವಳು ತಂಗಿ, ನಾನಲ್ಲ.

ಬಣ್ಣಕ್ಕೆ ಹುಬ್ಬಳ್ಳಿಯವರು ಹೇಳಿದ ಕೂಲಿ ನನಗೆ ಸರಿಬೀಳಲಿಲ್ಲ. ಎಮ್ಮೆಯನ್ನು ಹೊರಗೆ ಕಟ್ಟಿ, ಕಾರನ್ನು ಹಿತ್ತಲಿನ ಚಪ್ಪರದಲ್ಲಿ ನಿಲ್ಲಿಸಿ ನಾನೇ ಕೂತೆ. ಹಳೆಯ ಬಣ್ಣ ಕೆರೆದೆ, ತಗ್ಗುಗಳಿಗೆ ಪುಟ್ಟಿ ತುಂಬಿದೆ, ನೀರು ಹಾಕಿಕೊಂಡು ಮರಳುಕಾಗದದಿಂದ ಉಜ್ಜಿದೆ. ಸಂಜೆಯ ಹೊತ್ತಿಗೆ ತಗಡು ಬೆಳ್ಳಗೆ ಹೊಳೆಯುತ್ತಿತ್ತು. ಮರುದಿನ ಅಸ್ತರು ಬಳಿದೆ. ಅಸ್ತರು ಅಂದರೆ ಮೇಲಿನ ಬಣ್ಣ ಹಿಡಿಯಲೆಂದು ಬರಿಯ ತಗಡಿಗೆ ಮೊದಲು ಹಚ್ಚುವ ಕೆಂಪು. ಇದು ಕೆಟ್ಟರೆ ಮೇಲೆ ಎಂಥ ಬಣ್ಣ ಬಳಿದರೂ ನಿಲ್ಲುವುದಿಲ್ಲ.

ಕೆಟ್ಟಿತು. ಎಲ್ಲ ಕಡೆ ಒಣಗಿ ಗಟ್ಟಿಯಾಗಿದ್ದ ಅಸ್ತರು, ಬಾನೆಟ್ಟಿನ ನಡುವೆ ಅಂಗೈಯಗಲ ಮಾತ್ರ ಒಣಗಿರಲಿಲ್ಲ. ಎರಡು ಬಾಗಿಲ ಮೇಲೂ ಅಷ್ಟಷ್ಟೇ. ಉಗುರು ತಾಗಿಸಿದರೆ ಹಾಲಿನ ಕೆನೆಯಂತೆ ಎದ್ದು ಬರುತ್ತಿತ್ತು. ಪೂರ್ತಿ ಕೆರೆದು, ಉಜ್ಜಿ, ಮರುದಿನ ಮತ್ತೆ ಬಳಿದೆ. ಮತ್ತೆ ಅದೇ ಮೂರು ಜಾಗ. ಡಬ್ಬಿಯೇ ಕೆಟ್ಟಿದೆ ಎಂದು ಬೇರೆ ಡಬ್ಬಿ ತಂದೆ. ಆಗಲೂ ಅದೇ ಮೂರು ಜಾಗ. ಡಬ್ಬಿ ಕೆಟ್ಟಿದ್ದರೆ ಎಲ್ಲ ಕಡೆ ಕೆಡಬೇಕಿತ್ತು. ತಗಡು ಕೆಟ್ಟಿದೆ ಅನ್ನೋಣವೆಂದರೆ ಕನ್ನಡಿಯಂತಿತ್ತು.

ಪಕ್ಕದ ಓಣಿಯಲ್ಲಿ ಟಾಂಗಾಗಳಿಗೆ ಬಣ್ಣ ಬಳಿಯುತ್ತಿದ್ದ ಚಾಚಾರನ್ನು ಕರೆತಂದೆ. ಅವರು ಆ ಜಾಗ ಮುಟ್ಟಿದರು, ಮೂಸಿದರು, ಕಾರಿನ ಸುತ್ತ ಒಂದು ಸುತ್ತು ಹಾಕಿದರು.

"ಶಿಗ್ಗಾವಿಯವನ್ನ ಭಾಳ ಹಿಂಡಿದೇನೋ?"

"ಹಿಂಡದ ಬಿಡ್ತೇನೇನು ಚಾಚಾ?"

"ಹಂಗಾರ ಅವ ಹೊಟ್ಟಿ ಉರಕೊಂಡು ಕೊಟ್ಟಾನ. ಗಾಡಿ ಅಳಾಕತ್ತೈತಿ, ಮತ್ತೇನು!"

"ತಮಾಷೆ ಬ್ಯಾಡ್ರಿ, ತಂಗಿ ಲಗ್ನ ಬಂತು."

"ತಮಾಷೆ ಅಲ್ಲೋ, ನನಗೂ ತಿಳಿವಲ್ದು" ಎಂದು ಅವರು ಚಹಾ ಕುಡಿದು ಹೋದರು. ಮೂರು ಜಾಗಗಳನ್ನು ನೋಡುತ್ತ ಕೂತೆ. ತಂಗಿ ಬಾಗಿಲಲ್ಲಿ ನಿಂತು, "ಅಣ್ಣಾ, ಆಗೋದಿಲ್ಲೇನು?" ಎಂದಳು. "ಆಕ್ಕೈತಿ ಹೋಗ" ಎಂದೆ. ಹೇಗೆ ಎಂಬುದು ನನಗೇ ಗೊತ್ತಿರಲಿಲ್ಲ.

ಮತ್ತೊಮ್ಮೆ ಕೆರೆದು ಮಲಗಿದೆ. ಬೆಳಿಗ್ಗೆ ಎಲೆಯ ವ್ಯಾಪಾರಕ್ಕೆ ಹೋದವನು ಚೀಲ ಮರೆತು ವಾಪಸು ಬಂದೆ. ಚಪ್ಪರದಲ್ಲಿ ಅವ್ವ ನಿಂತಿದ್ದಳು, ಕೈಯಲ್ಲಿ ಅರಿಶಿಣ ಕಲೆಸಿದ ಔಡಲೆಣ್ಣೆಯ ಬಟ್ಟಲು. ಬಾನೆಟ್ಟಿಗೆ ಬೆರಳಿನಿಂದ ಐದು ಗೆರೆ ಎಳೆದಳು, ಕೈ ಮುಗಿದಳು, ಆಮೇಲೆ ಸೆರಗಿನಿಂದ ನೀಟಾಗಿ ಒರೆಸಿದಳು. ಬಾಗಿಲ ಕಡೆ ಹೊರಟಳು.

"ಅವ್ವಾ! ಏನ ಮಾಡಾಕತ್ತಿ?"

"ಯಾಕ ಒದರ್ತೀ? ಲಗ್ನಕ್ಕ ಹೊಂಟದ್ದು ಇದು. ಎಣ್ಣಿ ಅರಿಶಿಣ ಬ್ಯಾಡೇನು?"

"ದಿನಾ ಹಚ್ಚೀಯೇನು?"

"ನೀ ಕೆರದು ಬರಿಮೈ ಮಾಡಿದಾಗೊಮ್ಮೆ ಹಚ್ಚೇನಿ. ಅರಿಶಿಣ ಬರಿಮೈಗೆ ಹಚ್ಚತಾರೋ, ಅಂಗಿ ಮ್ಯಾಲೆ ಹಚ್ಚತಾರೋ? ನಿನ್ನ ಕೆಲಸಕ್ಕ ಅಡ್ಡಿ ಆಗಬಾರದಂತ ಒರಸೇನಿ ನೋಡು."

ಅರಿಶಿಣದ ಬಣ್ಣ ಒರೆಸಿ ಹೋಗಿತ್ತು, ತಗಡಿನ ಮೇಲೆ ಎಣ್ಣೆ ಉಳಿದಿತ್ತು. ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ಇನ್ನು ಹಚ್ಚಬೇಡ ಎಂದರೆ ಅವ್ವ ಒಪ್ಪಲಿಲ್ಲ. ಎಂಥೆಂಥ ವ್ಯಾಪಾರಿಗಳನ್ನು ಮಣಿಸಿದವನಿಗೆ ಅವಳೊಡನೆ ಮಧ್ಯಾಹ್ನದ ತನಕ ಚೌಕಾಸಿ ನಡೆಸಬೇಕಾಯಿತು. ಕಡೆಗೆ ಚಕ್ರಗಳಿಗೆ ಹಚ್ಚುವುದೆಂದು ತೀರ್ಮಾನವಾಯಿತು. ರಬ್ಬರಿಗೆ ಅಸ್ತರು ಬೇಕಿಲ್ಲ. ನಾನು ಚಿಮಣಿ ಎಣ್ಣೆಯಲ್ಲಿ ಅರಿವೆ ಅದ್ದಿ ತಗಡನ್ನೆಲ್ಲ ತೊಳೆದು, ಒಣ ಅರಿವೆಯಿಂದ ಒರೆಸಿ, ಬಿಸಿಲು ತೋರಿಸಿ, ಮತ್ತೆ ಬಳಿದೆ. ಹಿಡಿಯಿತು. ಅದರ ಮೇಲೆ ಕಪ್ಪು ಬಣ್ಣವೂ ಮಿಂಚುತ್ತ ಕೂತಿತು. ಮನೆಯಲ್ಲಿ ಬಣ್ಣ ಹಚ್ಚುವವರು ಕೇಳಿ: ತಗಡನ್ನು ಎಷ್ಟು ಉಜ್ಜಿದಿರಿ ಎನ್ನುವುದಕ್ಕಿಂತ, ಉಜ್ಜಿದ ಮೇಲೆ ಅದನ್ನು ಯಾರು ಮುಟ್ಟಿದರು ಎಂಬುದನ್ನು ವಿಚಾರಿಸಿಕೊಳ್ಳಿ.

ಲಗ್ನದ ಮುನ್ನಾದಿನ ಹಿರೇಕೆರೂರಿನಲ್ಲಿ ಕಾರು ನಿಲ್ಲಿಸಿದಾಗ ಬೀಗರು ಅದರ ಮೈಯಲ್ಲಿ ತಮ್ಮ ಮುಖ ನೋಡಿ ಮೀಸೆ ತಿದ್ದಿಕೊಂಡರು. ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಮದುಮಗನ ತಾಯಿ ಒಳಗಿನಿಂದ ಬಟ್ಟಲು ಹಿಡಿದು ಬಂದರು. ನಾನು ಬಾಯಿ ತೆರೆಯುವ ಮೊದಲೇ ಹೊಸ ಬಾನೆಟ್ಟಿನ ಮೇಲೆ ಐದು ಹಳದಿ ಗೆರೆ ಬಿದ್ದವು. ನನ್ನ ಕೈಯಲ್ಲಿ ಅರಿವೆ ಇತ್ತು. ಒರೆಸಿದರೆ ಬೀಗತಿಗೆ ಬೇಸರ, ಬಿಟ್ಟರೆ ನನ್ನ ಮಿಂಚು ಹಾಳು. ಮದುಮಗನನ್ನು ಕೂರಿಸಿಕೊಂಡು ಹಾಗೇ ಗಾಡಿ ಬಿಟ್ಟೆ. ಹಾನಗಲ್ಲ ದಾಟುವಾಗಲೂ ರಸ್ತೆಗಿಂತ ಆ ಗೆರೆಗಳನ್ನೇ ನೋಡುತ್ತಿದ್ದೆ.

ಸವಣೂರಿನಲ್ಲಿ ಅವ್ವ ಆರತಿ ತಂದವಳು ಅಳಿಯನ ಮುಖಕ್ಕಿಂತ ಮೊದಲು ಬಾನೆಟ್ಟು ನೋಡಿದಳು. ಧೂಳಿನಲ್ಲಿ ಗೆರೆಗಳು ಇನ್ನೂ ಇದ್ದವು.

"ಅಂಗಿ ಮ್ಯಾಲೆ ಹಚ್ಚ್ಯಾರ" ಎಂದಳು ನನ್ನ ಕಿವಿಯ ಹತ್ತಿರ. "ಇರ್ಲಿ. ಹಚ್ಚೂದಾರ ಗೊತ್ತೈತಿ ಅವರಿಗೆ. ಹುಡುಗಿ ಆ ಮನ್ಯಾಗ ಚಲೋ ಬಾಳೇವು ಮಾಡ್ತಾಳ."