ಆಂಪ್ಲಿಫೈಯರಿನೊಳಗಿನ ಹಲ್ಲಿ

ಬಿಚ್ಚಿದ ಆಂಪ್ಲಿಫೈಯರಿನ ಧೂಳು ನೋಡಿ ಅದು ಯಾವ ಊರಿನದೆಂದು ಹೇಳಬಲ್ಲೆ ಎಂದು ಒಂದು ಕಾಲಕ್ಕೆ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಕಬ್ಬಿಣದ ಕಾರ್ಖಾನೆಗಳಿರುವ ಗಿಣಿಗೇರಾದ ಸೆಟ್ಟಾದರೆ ಅಯಸ್ಕಾಂತ ಹಿಡಿದ ಕೂಡಲೇ ಮುಳ್ಳು ಮುಳ್ಳಾಗಿ ಎದ್ದು ನಿಲ್ಲುವ ಕರಿ ಪುಡಿ. ಗಂಗಾವತಿ ಕಡೆಯದಾದರೆ ಅಕ್ಕಿ ಗಿರಣಿಯ ತೌಡು, ಅದನ್ನು ತಿನ್ನಲು ಬಂದ ಇರುವೆಗಳ ಸಮೇತ. ಕುಷ್ಟಗಿಯ ಪೆಟ್ಟಿಗೆಗಳಲ್ಲಿ ಒಣ ಕೆಂಪು ಮಣ್ಣು. ಅಮ್ಮನ ಗುಡಿಯಿರುವ ಹುಲಿಗಿಯಿಂದ ಬಂದವುಗಳಲ್ಲಿ ಭಂಡಾರದ ಅರಿಸಿನ, ಕುಂಕುಮ. ಹೀಗೆ ಬರೆಯುವಾಗಲೇ ಅನುಮಾನ ಬರುತ್ತದೆ. ಕರಿ ಪುಡಿ ಮತ್ತು ಭಂಡಾರ ಖರೆ. ಕೆಂಪು ಮಣ್ಣನ್ನು ಕಂಡಿದ್ದೆನೋ, ಅಥವಾ ಮಾತು ಚಂದ ಕೂಡಲಿ ಎಂದು ಆಮೇಲೆ ಸೇರಿಸಿಕೊಂಡೆನೋ ಗೊತ್ತಿಲ್ಲ.

ನಾನು ಧಾರವಾಡದಲ್ಲಿ ಇತಿಹಾಸದಲ್ಲಿ ಎಂ.ಎ. ಮುಗಿಸಿ ಕೊಪ್ಪಳಕ್ಕೆ ಬಂದವನು. ಕಾಲೇಜಿನಲ್ಲಿ ಕೆಲಸ ಸಿಗುವವರೆಗೆ ಎಂದುಕೊಂಡು ಚಿಕ್ಕಪ್ಪನ ರೇಡಿಯೋ ಅಂಗಡಿಯಲ್ಲಿ ಕುಳಿತೆ. ಕೆಲಸ ಸಿಗಲಿಲ್ಲ ಎನ್ನುವುದಕ್ಕಿಂತ, ಕೆಲವು ವರ್ಷಗಳ ನಂತರ ನಾನೇ ಹುಡುಕುವುದನ್ನು ಬಿಟ್ಟೆ ಎನ್ನುವುದು ಹೆಚ್ಚು ನಿಜ. ಸುಟ್ಟ ವಾರ್ನಿಶಿನ ವಾಸನೆ, ಬೆಸುಗೆಯ ಹೊಗೆ, ಒಳಗೆ ಸತ್ತಂತೆ ಬಿದ್ದಿದ್ದ ಪೆಟ್ಟಿಗೆ ಒಮ್ಮೆಲೇ ಗುಂಯ್ ಎನ್ನುವ ಆ ಗಳಿಗೆ, ಇವುಗಳ ರುಚಿ ಹತ್ತಿಬಿಟ್ಟಿತ್ತು.

ಚಿಕ್ಕಪ್ಪ ಕಲಿಸಿದ ಮೊದಲ ಪಾಠಕ್ಕೆ ಸ್ಕ್ರೂಡ್ರೈವರು ಬೇಕಿರಲಿಲ್ಲ. "ಏನ ಮಾಡಿದ್ರಿ ಅಂತ ಗಿರಾಕಿನ್ನ ಕೇಳಬ್ಯಾಡ. ಕೇಳಿದ್ರ ಎಲ್ಲಾರೂ ಒಂದ ಹೇಳ್ತಾರ, ತಾನ ಬಂದ್ ಬಿತ್ರಿ ಅಂತ. ಆ ಹೊತ್ತಿನ್ಯಾಗ ಏನ ನಡದಿತ್ತು ಅಂತ ಕೇಳು."

ಈ ಉಪಾಯ ಎಷ್ಟು ಸಲ ಕೈಹಿಡಿದಿದೆಯೋ. ಏನೂ ಮಾಡಿಲ್ಲವೆಂದು ಆಣೆ ಮಾಡುತ್ತಿದ್ದ ಮನುಷ್ಯನೇ, ಆಗ ಏನು ನಡೆದಿತ್ತೆಂದು ಕೇಳಿದರೆ, "ಊಟಕ್ಕ ಕುಂತಿದ್ವಿರಿ, ಲೈಟೆಲ್ಲಾ ಫಕ್ಕನ ಬೆಳ್ಳಗಾದ್ವು, ಸಾರು ಬಡಿಸಾಂವ ಹೌಹಾರಿ ಬಕೀಟ ಕೈಬಿಟ್ಟ" ಎಂದು ಶುರು ಮಾಡುತ್ತಿದ್ದ. ವೋಲ್ಟೇಜು ಏರಿದ್ದು ನನಗೆ ತಿಳಿಯುತ್ತಿತ್ತು. ಮಹಾನವಮಿಯ ಮಾರನೆಯ ದಿನ ಮಾತ್ರ ಕೇಳುವ ಅಗತ್ಯವೇ ಇರುತ್ತಿರಲಿಲ್ಲ. ಪೂಜೆಗೆ ಇಟ್ಟ ಆಂಪ್ಲಿಫೈಯರಿನ ತಲೆಯ ಮೇಲೇ ಕಾಯಿ ಒಡೆದು ತರುತ್ತಿದ್ದರು. ಮುಚ್ಚಳ ತೆಗೆದರೆ ಒಳಗೆ ಕಾಯಿನೀರು.

ಒಬ್ಬರು ಕುಷ್ಟಗಿಯಿಂದ ಬಸ್ಸಿನಲ್ಲಿ ಸೆಟ್ಟು ಹೊತ್ತು ತಂದರು. ಕರೆಂಟಿನ ವೈರು ಎಲ್ಲಿ ಎಂದರೆ, "ಅದು ಛಲೋ ಐತ್ರಿ, ಅದನ್ಯಾಕ ತರಬೇಕಂತ ಮನ್ಯಾಗ ಬಿಟ್ಟ ಬಂದೀನ್ರಿ" ಎಂದರು. ನನ್ನ ವೈರು ಹಾಕಿದರೆ ಸೆಟ್ಟು ಚೊಕ್ಕ ಹಾಡಿತು. ತುಂಡಾಗಿದ್ದದ್ದು ಮನೆಯಲ್ಲಿದ್ದ ವೈರು. ಇನ್ನೊಬ್ಬರು ದನಿ ತಗ್ಗಿಸಿ, "ಒಳಗ ಯಾರೋ ಅದಾರ್ರಿ. ನಾ ಮಾತಾಡಿದ್ದನ್ನ ಮತ್ತ ಮಾತಾಡ್ತಾರ" ಎಂದರು. ಎಕೋ ಗುಂಡಿಯನ್ನು ಯಾರೋ ಕೊನೆಯವರೆಗೆ ತಿರುಗಿಸಿದ್ದರು. ನಾನು ಅದನ್ನು ಹಿಂದಕ್ಕೆ ತಿರುಗಿಸಿದೆ. "ಹೋದ್ರೇನ್ರಿ?" ಎಂದು ಕೇಳಿದರು. "ಹೋದ್ರು" ಎಂದೆ.

ಇವರನ್ನು ನೆನೆದು ನಗುತ್ತೇನೆ, ಆದರೆ ನಾನು ಬರೆಯಬೇಕೆಂದು ಕುಳಿತದ್ದು ಮಂಗಳೂರಿನ ಮಾವ-ಅಳಿಯರ ಬಗ್ಗೆ. ಕಡಲ ದಂಡೆಯ ಮಂಗಳೂರಲ್ಲ, ನಮ್ಮ ಯಲಬುರ್ಗಾ ಕಡೆಯ ಮಂಗಳೂರು. ಒಕ್ಕಲುತನದ ಜೊತೆಗೆ ಇಬ್ಬರೂ ಸೇರಿ ಮೈಕ್‌ಸೆಟ್ಟು ಇಟ್ಟುಕೊಂಡಿದ್ದರು. ಆಂಪ್ಲಿಫೈಯರು ಕೊಂಡವನು ಮಾವ, ಹಾರ್ನು ಮತ್ತು ಮೈಕು ತಂದವನು ಅಳಿಯ. ಬೇರೆಯಾದರೆ ಒಬ್ಬನ ಪಾಲಿಗೆ ಬಾಯಿಲ್ಲದ ಪೆಟ್ಟಿಗೆ, ಇನ್ನೊಬ್ಬನ ಪಾಲಿಗೆ ದನಿಯಿಲ್ಲದ ಬಾಯಿ.

ಒಂದು ಬೇಸಿಗೆಯ ಬೆಳಿಗ್ಗೆ ಮಾವ ಒಬ್ಬನೇ ಬಂದ. ಚಾದರದಲ್ಲಿ ಗಂಟು ಕಟ್ಟಿದ್ದ ಆಂಪ್ಲಿಫೈಯರನ್ನು ಮೇಜಿನ ಮೇಲೆ ಇಟ್ಟು, ರುಮಾಲು ತೆಗೆದು ಮುಖ ಒರೆಸಿಕೊಂಡ. ಹಿಂದಿನ ದಿನ ಒಂದು ಲಗ್ನದಲ್ಲಿ, ಸರಿಯಾಗಿ ಅಕ್ಕಿಕಾಳು ಬೀಳುವ ಹೊತ್ತಿಗೆ, ಸೆಟ್ಟು ಸುಟ್ಟು ಬಂದಾಗಿತ್ತು. ಅಯ್ಯನವರು ಮಂತ್ರ ಹೇಳುತ್ತಲೇ ಇದ್ದರಂತೆ, ಯಾರಿಗೂ ಕೇಳದೆ ಅರ್ಧ ಮಂದಿ ಮೊದಲೇ ಅಕ್ಕಿ ಎರಚಿಬಿಟ್ಟರಂತೆ. ಮಾವ ಎಲ್ಲರೆದುರು ಅಳಿಯನನ್ನು ಬೈದ. ಅಳಿಯ ಎದುರು ಮಾತಾಡಿ, ಕೈಯಲ್ಲಿದ್ದ ವೈರು ಅಲ್ಲೇ ಒಗೆದು ಹೋದ. ಮಾವ ಸಂಜೆಯೇ ಹೋಗಿ ಮಗಳನ್ನು ತನ್ನ ಮನೆಗೆ ಕರೆತಂದಿದ್ದ.

"ನೀವ ನೋಡ್ರಿ ಸರ. ಯಾರ ಸುಟ್ಟಾರ ಅನ್ನೂದು ಅದರಾಗ ಇದ್ದ ಇರತೈತಿ. ಓದಿದಾವ್ರು ನೀವು, ಓದಿ ಹೇಳ್ರಿ."

"ಏನ ಸುಟ್ಟೈತಿ ಅಂತ ಹೇಳಬಹುದು. ಯಾರ ಸುಟ್ರು ಅಂತ ಹೆಂಗ ಹೇಳಾಕ ಬರತೈತ್ರಿ?"

"ಡಾಕ್ಟ್ರು ಎಲ್ಡ ಹನಿ ರಕ್ತ ನೋಡಿ ಹೇಳ್ತಾರ. ಇಷ್ಟ ದೊಡ್ಡ ಪೆಟಿಗಿ ನೋಡಿ ನಿಮಗ ಹೇಳಾಕ ಆಗೂದಿಲ್ಲೇನು?" ಎಂದ. ಆಮೇಲೆ ಮೆತ್ತಗೆ, "ಅಳಿಯಂದ ತಪ್ಪಂತ ಬಂದ್ರ ಮಗಳನ್ನ ಕಳಸೂದಿಲ್ರಿ. ನಾಕ ಮಂದ್ಯಾಗ ಮಾರಿಗೆ ಹೊಡದಂಗ ಮಾತಾಡ್ಯಾನ."

ಅವನು ಹೋದ ಸ್ವಲ್ಪ ಹೊತ್ತಿಗೆ, ಮುಂದಿನ ಬಸ್ಸಿಗೋ ಏನೋ, ಅಳಿಯ ಬಂದ. ಬಾಗಿಲಲ್ಲೇ ನಿಂತು, "ಮಾವಾರು ಬಂದಿದ್ರೇನ್ರಿ?" ಎಂದ. ಬಂದಿದ್ದರೆಂದೆ. "ಸಂಗಾಟ ಯಾರರೆ ಬಂದಿದ್ರೇನ್ರಿ?" ಎಂದ. ಯಾರನ್ನು ಕೇಳುತ್ತಿದ್ದಾನೆಂದು ನನಗೆ ಅರ್ಥವಾಯಿತು. ಇಲ್ಲವೆಂದೆ.

"ನಾ ಕೈ ಹಚ್ಚಿಲ್ರಿ ಸರ. ತಾನ ಬಂದ್ ಬಿತ್ರಿ."

ಚಿಕ್ಕಪ್ಪನ ಪಾಠ ನೆನಪಾಗಿ, ಆ ಹೊತ್ತಿನಲ್ಲಿ ಏನು ನಡೆದಿತ್ತೆಂದು ಕೇಳಿದೆ. ಕುಳಿತು ಎಲ್ಲ ಹೇಳಿದ. ಹೆಂಗಸರ ಕಡೆಗೆ ದನಿ ಮುಟ್ಟುತ್ತಿಲ್ಲವೆಂದು ಇನ್ನೊಂದು ಹಾರ್ನು ಕಟ್ಟಿದ್ದರು. ವೈರು ಸಾಲದೆ ಜೋಡಿಸಿ, ಚಪ್ಪರದ ಕಬ್ಬಿಣದ ಪೈಪಿಗೆ ಸುತ್ತಿದ್ದರು.

"ಜೋಡಿಸಿದ ಜಾಗಕ್ಕ ಟೇಪ್ ಸುತ್ತಿದ್ರೇನು?"

"ಮಾವಾರು ಲಗೂ ಲಗೂ ಅಂತ ಬಾಯಿ ಮಾಡಾಕ ಹತ್ತಿದ್ರು. ಟೇಪ್ ಯಾವಾಗ ಸುತ್ತೂದ್ರಿ?" ಎಂದವನು ಎದ್ದು ನಿಂತ. "ತಪ್ಪು ಮಾವಾರದಂತ ಬಂದ್ರ ಅವ್ರ ಬಂದು ನಾಕ ಮಂದ್ಯಾಗ ಹೇಳಬೇಕ್ರಿ. ಅಲ್ಲೀತನಾ ನಾನೂ ಆಕಿನ್ನ ಕರಿಯಾಕ ಹೋಗೂದಿಲ್ಲ."

ಪೆಟ್ಟಿಗೆ ಬಿಚ್ಚಿದೆ. ಫ್ಯೂಸು ಇರಬೇಕಾದ ಕಡೆ ಫ್ಯೂಸು ಇರಲಿಲ್ಲ, ತಾಮ್ರದ ಎಳೆಗಳನ್ನು ದಪ್ಪಗೆ ಹೊಸೆದು ಸುತ್ತಿದ್ದರು. ಬರಿ ವೈರು ಪೈಪಿಗೆ ತಾಗಿದಾಗ ಫ್ಯೂಸು ಇದ್ದಿದ್ದರೆ ಅದೊಂದೇ ಸುಡುತ್ತಿತ್ತು, ಸೆಟ್ಟು ಉಳಿಯುತ್ತಿತ್ತು. ಆ ತಂತಿ ಸುಡಲಿಲ್ಲ, ಒಳಗಿನ ಟ್ರಾನ್ಸಿಸ್ಟರುಗಳು ಸುಟ್ಟವು. ಟೇಪು ಸುತ್ತದವನು ಅಳಿಯ, ಸುತ್ತಗೊಡದವನು ಮಾವ. ತಂತಿ ಹೊಸೆದವರು ಯಾರೆಂದು ಇಬ್ಬರನ್ನೂ ಫೋನಿನಲ್ಲಿ ಕೇಳಿದೆ. "ಅಳಿಯಂದ್ರು" ಎಂದ ಮಾವ. "ಮಾವಾರು" ಎಂದ ಅಳಿಯ. ಇಬ್ಬರ ದನಿಯಲ್ಲೂ ಸುಳ್ಳಿನ ಸುಳಿವಿರಲಿಲ್ಲ. ಸಾಕ್ಷಿಗಳು ಬೇರೆ ಬೇರೆ ಹೇಳಿದಾಗ ಇತಿಹಾಸಕಾರ ಏನು ಮಾಡಬೇಕೆಂದು ನಮಗೆ ಒಂದು ವರ್ಷ ಕಲಿಸಿದ್ದರು. ಅದು ಸತ್ತವರ ಜಗಳಗಳಿಗೆ ಸರಿ. ಇಲ್ಲಿ ನನ್ನ ತೀರ್ಪಿನ ಮೇಲೆ ಒಬ್ಬ ಹೆಣ್ಣುಮಗಳು ಗಂಡನ ಮನೆಗೆ ಮರಳುವುದೋ ಬಿಡುವುದೋ ನಿಂತಿತ್ತು.

ಟ್ರಾನ್ಸಿಸ್ಟರು ಬದಲಿಸಿ, ಸರಿಯಾದ ಫ್ಯೂಸು ಹಾಕಿ, ಇಬ್ಬರಿಗೂ ಒಂದೇ ದಿನ ಬರಹೇಳಿದೆ. ಬಂದರು. ಬೆಂಚಿನ ಎರಡು ತುದಿಗೆ ಕುಳಿತು, ಒಬ್ಬ ರಸ್ತೆ ನೋಡತೊಡಗಿದ, ಇನ್ನೊಬ್ಬ ಫೋನು.

ಇಲ್ಲಿಂದ ಮುಂದೆ ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಆ ವಾರ ಒಂದು ಆಂಪ್ಲಿಫೈಯರಿನಲ್ಲಿ ಒಣಗಿ ಸತ್ತ ಹಲ್ಲಿ ಸಿಕ್ಕಿದ್ದು ನಿಜ. ಬೆಚ್ಚಗಿರುತ್ತದೆಂದು ಒಳಗೆ ಸೇರಿ, ಎರಡು ತಂತಿಗಳ ನಡುವೆ ಅಡ್ಡ ಬಿದ್ದು ಸಾಯುವುದು, ಸೆಟ್ಟನ್ನೂ ಸಾಯಿಸುವುದು ಹಲ್ಲಿಗಳಿಗೆ ಹೊಸದಲ್ಲ. ಆದರೆ ಅದು ಸಿಕ್ಕಿದ್ದು ಮಂಗಳೂರಿನ ಸೆಟ್ಟಿನಲ್ಲೋ, ಪಕ್ಕದಲ್ಲೇ ಬಿಚ್ಚಿಟ್ಟಿದ್ದ ಹುಲಿಗಿಯ ಸೆಟ್ಟಿನಲ್ಲೋ? ನನ್ನ ಕಣ್ಣ ಮುಂದೆ ಇರುವುದು ಇಷ್ಟೇ ಚಿತ್ರ: ನಾನು ಚಿಮಟದಿಂದ ಹಲ್ಲಿಯ ಬಾಲ ಹಿಡಿದು ಬೆಳಕಿಗೆ ಎತ್ತುತ್ತೇನೆ, "ನೋಡ್ರಿ, ಸುಟ್ಟಾವ್ರು ಇವ್ರು" ಎನ್ನುತ್ತೇನೆ. ಅದನ್ನು ಎಲ್ಲಿಂದ ಎತ್ತಿದೆ ಎಂಬುದು ಚಿತ್ರದಲ್ಲಿ ಇಲ್ಲ. ಆ ದಿನದ ದಿನಚರಿಯಲ್ಲಿ ಬಿಸಿಲಿನ ಬಗ್ಗೆ ಬರೆದಿದ್ದೇನೆ, ಮಧ್ಯಾಹ್ನ ಕರೆಂಟು ಹೋದದ್ದು ಬರೆದಿದ್ದೇನೆ. ಹಲ್ಲಿಯ ಸುದ್ದಿ ಇಲ್ಲ. ಮರೆತೆನೋ, ಬರೆಯಲು ನಾಚಿದೆನೋ.

ಇಬ್ಬರೂ ಎದ್ದು ಬಂದು ಬಗ್ಗಿ ನೋಡಿದರು. ನಗುತ್ತಾರೆಂದುಕೊಂಡಿದ್ದೆ. ಇಬ್ಬರ ಮುಖವೂ ಸಣ್ಣಗಾಯಿತು.

"ಹಲ್ಲಿ ಸತ್ತೈತೇನ್ರಿ ನಮ್ಮ ಪೆಟಿಗ್ಯಾಗ?" ಎಂದ ಮಾವ. "ಇದರ ದೋಷ ಯಾರಿಗ್ರಿ ಸರ?"

ಇದನ್ನು ನಾನು ಎಣಿಸಿರಲಿಲ್ಲ. ಹೊತ್ತು ಕಳೆಯಲೆಂದು, "ಪೆಟಿಗಿ ಯಾರ್ದು?" ಎಂದೆ.

ಮಾವ ಬಾಯಿ ತೆರೆಯುವುದರೊಳಗೆ ಅಳಿಯ, "ಇಬ್ಬರ್ದೂರಿ" ಎಂದ.

"ಹಂಗಾರ ಇಬ್ಬರಿಗೂ."

"ಇಬ್ಬರಿಗೂ ಅಂದ್ರ ಎಲ್ಡೂ ಮನಿಗೆ ಬಂತು" ಎಂದು ಮಾವ ಲೆಕ್ಕ ಹಾಕಿದ. "ಹುಲಿಗಿಗೆ ಹೋಗಬೇಕು. ಹೊಳ್ಯಾಗ ಜಳಕಾ ಮಾಡಿ, ಅಮ್ಮಗ ಕಾಯಿ ಒಡಿಸ್ಕೊಂಡ ಬರಬೇಕು."

ಅಳಿಯ ಫೋನು ಕಿಸೆಗೆ ಹಾಕಿದ. "ಆಕಿನ್ನೂ ಕರ್ಕೊಂಡ ಹೋಗಬೇಕಲ್ರಿ ಮಾವಾರ?"

"ಮತ್ತ ಬಿಟ್ಟ ಹೋಗಾಕ ಬರತೈತೇನ? ಆಕಿಗೆ ದೋಷ ಇಲ್ಲೇನು?" ಮಾವ ಗದರಿಸಿದ. ರುಮಾಲು ಸರಿಪಡಿಸಿಕೊಂಡು, "ನಾಳೆ ಮುಂಜಾನೆ ಮನಿಗೆ ಬರ್ರಿ ಅಳಿಯಂದ್ರ. ಅಲ್ಲಿಂದನ ಹೋಗೂಣು" ಎಂದ.

ಸೆಟ್ಟನ್ನು ಚಾದರದಲ್ಲಿ ಕಟ್ಟಿ ಒಂದೊಂದು ತುದಿ ಹಿಡಿದು ಹೊರಟರು. ಬಾಗಿಲವರೆಗೆ ಹೋಗಿ, ಕಾಯಿಯನ್ನು ಮಾತ್ರ ಆಂಪ್ಲಿಫೈಯರಿನ ಮೇಲೆ ಒಡೆಯಬೇಡಿರೆಂದು ಕೂಗಿ ಹೇಳಿದೆ.

ಆಮೇಲೆ ಆ ಹಲ್ಲಿ ಬಹಳ ಊರು ತಿರುಗಿತು. ಮೈಕು ಹಾಕಲು ಹೋದಲ್ಲೆಲ್ಲ ಅಳಿಯ ಅದರ ಕಥೆ ಹೇಳುತ್ತಿದ್ದ. ಗಂಗಾವತಿಯ ಒಬ್ಬ ಗಿರಾಕಿ ಅದನ್ನು ನನಗೇ ತಂದು ಹೇಳುವಷ್ಟರಲ್ಲಿ ಹಲ್ಲಿ ಹೋಗಿ ಹಾವಿನ ಮರಿಯಾಗಿತ್ತು, ಪೆಟ್ಟಿಗೆ ಬಿಚ್ಚಿದಾಗ ಅದು ಇನ್ನೂ ಜೀವಂತವಿತ್ತು. "ಖರೆನೇನ್ರಿ?" ಎಂದು ನಾನು ಕೇಳಿದರೆ, "ನೋಡಿದಾವ್ರ ಹೇಳ್ಯಾರ್ರಿ" ಎಂದ.

ಈಗ ಅಂಗಡಿಗೆ ಕೆಲಸ ಕಡಿಮೆ. ಕೆಟ್ಟರೆ ಒಳಗಿನ ಸರ್ಕಿಟ್ ಹಲಗೆಯನ್ನೇ ಕಿತ್ತೆಸೆದು ಹೊಸದು ಕೂರಿಸುತ್ತಾರೆ, ಏನು ಕೆಟ್ಟಿತೆಂದು ಯಾರಿಗೂ ಬೇಕಿಲ್ಲ. ಬೆಳಿಗ್ಗೆ ಸ್ವಲ್ಪ ಹೊತ್ತು ಬಾಗಿಲು ತೆರೆದು ಕೂರುತ್ತೇನೆ. ಮೊನ್ನೆ ಹಾಗೆ ಕುಳಿತಿದ್ದಾಗ ಮಾವ ಬಂದ. ತಲೆ ಪೂರ್ತಿ ಬೆಳ್ಳಗಾಗಿದೆ. ಕೈಯಲ್ಲಿ ಅದೇ ಆಂಪ್ಲಿಫೈಯರು, ಬೇರೆ ಚಾದರ. ಅಳಿಯ ಈಗ ದೊಡ್ಡ ಡಿಜೆ ಸೆಟ್ಟು ಇಟ್ಟಿದ್ದಾನಂತೆ, ಮಗಳೇ ಅದರ ವ್ಯವಹಾರ ನೋಡಿಕೊಳ್ಳುತ್ತಾಳಂತೆ. ಇದು ಮೂಲೆಯಲ್ಲಿ ಬಿದ್ದಿತ್ತು. "ಸುಮ್ನ ಒಂದ ಸಲ ಮಾತಾಡೂ ಹಂಗ ಮಾಡ್ರಿ. ಶ್ರಾವಣದಾಗ ಭಜನಿಗೆ ಆಗತೈತಿ" ಎಂದ.

ಮುಚ್ಚಳದ ಸ್ಕ್ರೂ ತೆಗೆಯುವಾಗ, ಇಷ್ಟು ವರ್ಷ ತಡೆದುಕೊಂಡಿದ್ದನ್ನು ಕೇಳಿಬಿಟ್ಟೆ. ಅವನು ಅನುಮಾನಪಟ್ಟರೆ ಏನು ಗತಿ ಎಂಬ ಹೆದರಿಕೆ ಈಗಲೂ ಇತ್ತು.

"ಆವತ್ತಿನ ಹಲ್ಲಿ ನೆನಪೈತೇನ್ರಿ? ಹೆಂಗಿತ್ತು?"

"ನೆನಪಿಲ್ದ ಏನ್ರಿ? ಮೋಟ ಹಲ್ಲಿ. ಬಾಲಾನ ಇದ್ದಿಲ್ಲ ಅದಕ್ಕ. ಆ ಟ್ರಾನ್ಸಫಾರ್ಮರ್ ಬಾಜೂಕ ಬೋರಲ ಬಿದ್ದಿತ್ತು, ನೀವು ಕಡ್ಡೀಲೆ ಸರಿಸಿ ತಗದ್ರಿ."

ಬಾಲವಿಲ್ಲದ ಹಲ್ಲಿಯನ್ನು ಬಾಲ ಹಿಡಿದು ಎತ್ತುವುದು ಹೇಗೆ? ಅವನು ಕಂಡದ್ದು ಖರೆಯಾದರೆ ಹಲ್ಲಿ ಅವರ ಪೆಟ್ಟಿಗೆಯಲ್ಲೇ ಇತ್ತು, ನಾನು ಏನನ್ನೂ ಕಟ್ಟಿ ಹೇಳಿರಲಿಲ್ಲ. ಅಥವಾ ಅವನೂ ನನ್ನ ಹಾಗೆಯೇ, ಹೇಳಿ ಹೇಳಿ ಕಾಣತೊಡಗಿದ್ದಾನೆ. ಮುಚ್ಚಳ ತೆಗೆದು ಟ್ರಾನ್ಸ್‌ಫಾರ್ಮರಿನ ಬದಿಗೆ ಬ್ಯಾಟರಿಯ ಬೆಳಕು ಬಿಟ್ಟು ನೋಡಿದೆ. ಮಂಗಳೂರಿನ ಧೂಳು, ಒಂದು ಜೇಡರ ಬಲೆ.

ಒಣಗಿದ ಕಂಡೆನ್ಸರು ಬದಲಿಸಿದೆ. ನಡುವೆ ಒಂದು ಬಲ್ಬನ್ನು ಜೋಡಿಸಿ ಕರೆಂಟು ಕೊಡುವುದು ಈಗಲೂ ನನ್ನ ಪದ್ಧತಿ, ಒಳಗೆ ಶಾರ್ಟ್ ಇದ್ದರೆ ಬಲ್ಬು ಉರಿಯುತ್ತಲೇ ಇರುತ್ತದೆ. ಅದು ಒಮ್ಮೆ ಫಕ್ಕನೆ ಹೊತ್ತಿ ಮಂಕಾಯಿತು. ಮೈಕಿನ ತೂತಿಗೆ ಬೆರಳು ತಾಗಿಸಿದೆ. ಅಂಗಡಿಯ ಹಾರ್ನು ಗುಂಯ್ ಎಂದಿತು.

"ಹಾಂ, ಮಾತಾಡ್ತು" ಎಂದ ಮಾವ.

ಹೊಸ ಫ್ಯೂಸು ಹಾಕಿ, "ಇದು ಹೋದ್ರ ಇಂಥಾದ್ದ ಹಾಕ್ರಿ. ತಂತಿ ಸುತ್ತಬ್ಯಾಡ್ರಿ ಮತ್ತ" ಎಂದೆ.

"ಆವತ್ತೂ ನಾ ಸುತ್ತಿದ್ದಿಲ್ರಿ ಸರ. ಅಳಿಯಂದ್ರ ಸುತ್ತಿದ್ರು" ಎಂದ, ನಿನ್ನೆಯ ಮಾತಿನಂತೆ. ಆಮೇಲೆ ಚಾದರದ ಗಂಟು ಬಿಗಿದು ಎದ್ದ. "ಹೋಗ್ಲಿ ಬಿಡ್ರಿ. ಹಲ್ಲಿ ಇತ್ತಲ್ಲ."